ಊದಿದ ಕಾಲಿಗೆ ಕಂಪ್ರೆಷನ್ ಸಾಕ್ಸ್: ಬ್ರ್ಯಾಂಡಿಗಿಂತ ಮೊದಲು ಅಳತೆ ಟೇಪು

ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಂಪ್ರೆಷನ್ ಸಾಕ್ಸ್ ಕೊಂಡವರ ದೂರುಗಳು ಸುತ್ತಿ ಬಳಸಿ ನಾಲ್ಕೇ. ಹಾಕಿಕೊಳ್ಳೋಕೇ ಆಗಲ್ಲ, ಮಂಡಿ ಕೆಳಗೆ ಹಗ್ಗ ಬಿಗಿದ ಹಾಗಾಗುತ್ತೆ, ಮಧ್ಯಾಹ್ನದ ಹೊತ್ತಿಗೆ ಸುರುಳಿ ಸುತ್ತಿಕೊಂಡು ಕೆಳಗಿಳಿಯುತ್ತೆ, ಇಷ್ಟೆಲ್ಲ ಮಾಡಿದರೂ ಸಂಜೆ ಊತ ಇದ್ದೇ ಇರುತ್ತೆ. ನಾಲ್ಕಕ್ಕೂ ಬೈಸಿಕೊಳ್ಳುವುದು ಬಟ್ಟೆ, ಇಲ್ಲವೇ ಕಂಪನಿ. ಆದರೆ ಬಟ್ಟೆಯ ತಪ್ಪು ಇರುವುದು ಕಡಿಮೆ. ಚಪ್ಪಲಿ ಸೈಜ್ ನೋಡಿ ಕೊಂಡದ್ದು, ಸಂಜೆ ಊದಿಕೊಂಡ ಕಾಲಿಗೆ ಅಳತೆ ಹಿಡಿದದ್ದು, ಬೇಕಾದ್ದಕ್ಕಿಂತ ಹೆಚ್ಚು ಒತ್ತಡದ್ದನ್ನು ಆರಿಸಿದ್ದು, ಉದ್ದ ಹೆಚ್ಚಾಯಿತೆಂದು ಮೇಲಂಚನ್ನು ಮಡಚಿಟ್ಟದ್ದು: ಹುಡುಕಿದರೆ ತೊಂದರೆಯ ಬೇರು ಸಾಮಾನ್ಯವಾಗಿ ಇಲ್ಲೆಲ್ಲೋ ಸಿಗುತ್ತದೆ. ಹಾಗಾಗಿ ಇಲ್ಲಿ ಬ್ರ್ಯಾಂಡಿನ ಮಾತು ಬರುವುದು ತಡವಾಗಿಯೇ.

ಯಾವ ನಾಳದ ತೊಂದರೆ?

"ಕಾಲಿಗೆ ರಕ್ತ ಸಂಚಾರ ಸರಿಯಿಲ್ಲ" ಎನ್ನುವ ಇಬ್ಬರಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಕಾಯಿಲೆ ಇರಬಹುದು. ಒಬ್ಬರಿಗೆ ಹೃದಯದಿಂದ ಕಾಲಿಗೆ ರಕ್ತ ತರುವ ಅಪಧಮನಿ ಕಿರಿದಾಗಿರುತ್ತದೆ. ಇನ್ನೊಬ್ಬರಿಗೆ ಕಾಲಿನಿಂದ ಮೇಲಕ್ಕೆ ರಕ್ತ ಒಯ್ಯುವ ಅಭಿಧಮನಿಯ ಕವಾಟಗಳು ಸೋತಿರುತ್ತವೆ. ಕಂಪ್ರೆಷನ್ ಸಾಕ್ಸ್ ಇರುವುದು ಎರಡನೆಯವರಿಗೆ. ಮೊದಲನೆಯವರ ಕಾಲಿಗೆ ಬಿಗಿ ಸಾಕ್ಸ್ ಏರಿಸಿದರೆ ಬರುತ್ತಿರುವ ಅಷ್ಟಿಷ್ಟು ರಕ್ತಕ್ಕೂ ತಡೆ ಬಿದ್ದು ಚರ್ಮ ಹುಣ್ಣಾಗಬಹುದು, ಅಂಗಾಂಶವೇ ಸಾಯಬಹುದು.

ಮೇಲ್ನೋಟಕ್ಕೇ ಕೆಲವು ಸುಳಿವು ಸಿಗುತ್ತವೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವುದು, ಪಾದ ತಣ್ಣಗಿರುವುದು, ಕಾಲು ಮೇಲೆತ್ತಿ ಮಲಗಿದರೆ ನೋವು ಹೆಚ್ಚಿ ಇಳಿಬಿಟ್ಟರೆ ಕಡಿಮೆಯಾಗುವುದು, ಬೆರಳ ತುದಿಯಲ್ಲಿ ಮಾಯದ ಗಾಯ — ಇವು ಅಪಧಮನಿಯ ಕಡೆ ಕೈ ತೋರಿಸುತ್ತವೆ. ಸಂಜೆಯಾದಂತೆ ಕಾಲು ಭಾರ, ಎತ್ತಿಟ್ಟರೆ ಹಾಯ್, ಹರಡಿನ (ಕಾಲು ಗಿಣ್ಣಿನ) ಒಳಬದಿಯಲ್ಲಿ ಕಂದು ಕಲೆ, ತುರಿಕೆ, ಉಬ್ಬಿದ ನೀಲಿ ನಾಳಗಳು ಅಭಿಧಮನಿಯ ಲಕ್ಷಣ. ಎರಡೂ ಒಟ್ಟಿಗೆ ಇರುವ ಕಾಲುಗಳೂ ಇವೆ, ಮುಖ್ಯವಾಗಿ ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಬಹುಕಾಲ ಸಿಗರೇಟು ಸೇದಿದವರಲ್ಲಿ. ಆದ್ದರಿಂದ ಸುಳಿವನ್ನೇ ತೀರ್ಪು ಎಂದುಕೊಳ್ಳಬಾರದು.

ತೀರ್ಪು ಕೊಡುವ ಪರೀಕ್ಷೆ ಸರಳವಾಗಿದೆ. ಹರಡಿನ ಬಳಿಯ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸುತ್ತಾರೆ; ಇದಕ್ಕೆ ಎಬಿಐ ಎನ್ನುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ಅಪಧಮನಿಯಲ್ಲಿ ತೊಂದರೆಯಿದೆ ಎಂದರ್ಥ. 0.6ಕ್ಕಿಂತ ಕೆಳಗಿದ್ದರೆ, ಅಥವಾ ಹರಡಿನ ಒತ್ತಡ (ಬಿಪಿ ಅಳೆಯುವ ಮಾನದಲ್ಲೇ) 60 ಎಂಎಂಎಚ್‌ಜಿಗಿಂತ ಕಡಿಮೆಯಿದ್ದರೆ, ಕಂಪ್ರೆಷನ್ ಸಾಕ್ಸ್ ಬೇಡ. ನಡುವಿನದ್ದಾದರೆ ಎಷ್ಟು ಒತ್ತಡ ಎಂಬುದನ್ನು ರಕ್ತನಾಳ ತಜ್ಞರೇ ನಿರ್ಧರಿಸಬೇಕು. ಸಕ್ಕರೆ ಕಾಯಿಲೆಯವರ ಅಪಧಮನಿಗಳು ಸುಣ್ಣಗಟ್ಟಿ ಗಡಸಾಗಿದ್ದರೆ ಎಬಿಐ 1.3ಕ್ಕೂ ಮೇಲೆ ಬಂದು "ಚೆನ್ನಾಗಿದೆ" ಎಂಬ ಭ್ರಮೆ ಹುಟ್ಟಿಸುತ್ತದೆ. ಅಂಥವರಿಗೆ ಕಾಲ್ಬೆರಳಿನ ಒತ್ತಡ ನೋಡುತ್ತಾರೆ.

ಇನ್ನೂ ಕೆಲವು ಊತಗಳು ಸಾಕ್ಸಿನ ಕೆಲಸವೇ ಅಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ವೈದ್ಯರಿಗೆ ತೋರಿಸಬೇಕು. ಎರಡೂ ಕಾಲು ಊದಿ ಜೊತೆಗೆ ಏದುಸಿರು, ಮಲಗಿದರೆ ಉಸಿರುಗಟ್ಟುವುದು ಇದ್ದರೆ ಹೃದಯದ ಪರೀಕ್ಷೆ ಮೊದಲು. ಹತೋಟಿಯಲ್ಲಿಲ್ಲದ ಹೃದಯ ವೈಫಲ್ಯದಲ್ಲಿ ಕಾಲಿನ ನೀರನ್ನು ಮೇಲಕ್ಕೆ ಹಿಂಡಿದರೆ ಹೃದಯದ ಹೊರೆ ಇನ್ನೂ ಏರುತ್ತದೆ. ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಕೂಡ ಕಾಲು ಊದಿಸುತ್ತವೆ. ಬಿಪಿಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದ ಹರಡಿನ ಸುತ್ತ ಬಾವು ಬರುವುದು ಮಾಮೂಲು. ನರನೋವಿನ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳಿಂದಲೂ ಬರುತ್ತದೆ. ಅಲ್ಲಿ ಸಾಕ್ಸ್ ಬದಲಿಸಿ ಪ್ರಯೋಜನವಿಲ್ಲ, ಮಾತ್ರೆಯ ಬಗ್ಗೆ ವೈದ್ಯರ ಜೊತೆ ಮಾತಾಡಬೇಕು.

ಸಾಕ್ಸ್ ಮಾಡುವ ಕೆಲಸ ಏನು?

ಸುಮ್ಮನೆ ನಿಂತಾಗ ಹರಡಿನ ಬಳಿ ಅಭಿಧಮನಿಯೊಳಗಿನ ಒತ್ತಡ ಸುಮಾರು 80ರಿಂದ 100 ಎಂಎಂಎಚ್‌ಜಿ. ನಡೆಯತೊಡಗಿದರೆ ಮೀನಖಂಡದ ಸ್ನಾಯು ನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಕವಾಟ ಗಟ್ಟಿಯಿದ್ದರೆ ಒತ್ತಡ 20–30ಕ್ಕೆ ಇಳಿಯುತ್ತದೆ. ಕವಾಟ ಸೋತವರಲ್ಲಿ ಇಳಿಯುವುದೇ ಇಲ್ಲ; ಒತ್ತಡ ತಾಳದೆ ನೀರಿನಂಶ ನಾಳದಿಂದ ಹೊರಗೆ ಜಿನುಗಿ ಚರ್ಮದಡಿ ನಿಲ್ಲುತ್ತದೆ. ಹೊರಗಿನಿಂದ ಒತ್ತಿ ನಾಳವನ್ನು ಕಿರಿದು ಮಾಡಿದರೆ ಕವಾಟದ ಎಸಳುಗಳು ಹತ್ತಿರ ಬರುತ್ತವೆ, ಜಿನುಗುವುದೂ ಕಡಿಮೆಯಾಗುತ್ತದೆ. ಹರಡಿನ ಬಳಿ ಅತಿ ಹೆಚ್ಚು, ಮೇಲೇರಿದಂತೆ ಕಡಿಮೆ, ಹೀಗೆ ಏರಿಳಿತದ ಒತ್ತಡ ಇರುವುದೇ ಇದರ ಜೀವಾಳ. ಕಾನ್ರಾಡ್ ಜಾಬ್‌ಸ್ಟ್ ಎಂಬ ಎಂಜಿನಿಯರ್‌ಗೆ ತನ್ನದೇ ಕಾಲಿನ ನಾಳಗಳ ತೊಂದರೆಯಿತ್ತು. ಈಜುಕೊಳದಲ್ಲಿ ನಿಂತಾಗ ನೋವು ಇಳಿಯುವುದನ್ನು ಗಮನಿಸಿದ ಆತ, ಆಳಕ್ಕೆ ಹೋದಂತೆ ನೀರಿನ ಒತ್ತಡ ಹೆಚ್ಚುವುದೇ ಕಾರಣ ಎಂದು ಊಹಿಸಿ 1950ರ ಸುಮಾರಿಗೆ ಅದೇ ಲೆಕ್ಕದ ಕಾಲುಚೀಲ ಮಾಡಿದ. ಇವತ್ತಿಗೂ ಆ ಹೆಸರಿನ ಬ್ರ್ಯಾಂಡ್ ಇದೆ.

ಒತ್ತಡದ ಅಂಕಿ, ಕ್ಲಾಸಿನ ಗೊಂದಲ

ಡಬ್ಬಿಯ ಮೇಲೆ ಹುಡುಕಬೇಕಾದ್ದು ಒಂದೇ: ಹರಡಿನಲ್ಲಿ ಎಷ್ಟು ಎಂಎಂಎಚ್‌ಜಿ. ಕ್ಲಾಸ್ 1, ಕ್ಲಾಸ್ 2 ಎಂಬುದನ್ನು ನೋಡಿ ಕೊಂಡರೆ ಮೋಸ ಹೋಗುವುದು ಖಚಿತ, ಯಾಕೆಂದರೆ ದೇಶಕ್ಕೊಂದು ಲೆಕ್ಕ. ಜರ್ಮನ್ ಮಾನದಂಡದ ಕ್ಲಾಸ್ 2 ಎಂದರೆ 23–32; ಬ್ರಿಟಿಷ್ ಕ್ಲಾಸ್ 2 ಎಂದರೆ 18–24; ಫ್ರೆಂಚ್ ಕ್ಲಾಸ್ 2 ಕೇವಲ 15–20. ವೈದ್ಯರು "ಕ್ಲಾಸ್ 2" ಎಂದಷ್ಟೇ ಬರೆದುಕೊಟ್ಟಿದ್ದರೆ ಅಂಕಿ ಯಾವುದು ಎಂದು ಕೇಳಿ ಬರೆಸಿಕೊಳ್ಳುವುದೇ ಮೇಲು. "ಮೀಡಿಯಂ", "ಫರ್ಮ್" ಎಂಬ ಪದಗಳಿಗೆ ಇಷ್ಟು ಅರ್ಥವೂ ಇಲ್ಲ. ಇನ್ನು ಡೆನಿಯರ್ ಎಂಬ ಅಂಕಿಯೊಂದು ದಪ್ಪಕ್ಷರದಲ್ಲಿರುತ್ತದೆ, 70, 140 ಎಂದೆಲ್ಲ. ಅದು ನೂಲಿನ ದಪ್ಪ. ಒತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ. ಡೆನಿಯರ್ ಮಾತ್ರ ಬರೆದು ಎಂಎಂಎಚ್‌ಜಿ ಬರೆಯದ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.

ಎಷ್ಟು ಬೇಕು? ಇಡೀ ದಿನ ನಿಂತು ಅಥವಾ ಕೂತು ಕೆಲಸ ಮಾಡಿ ಸಂಜೆ ಸ್ವಲ್ಪ ಊದುವ ಕಾಲಿಗೆ, ದೂರದ ವಿಮಾನ ಪ್ರಯಾಣಕ್ಕೆ 15–20 ಸಾಕು. ವಿಮಾನದ ವಿಷಯದಲ್ಲಿ ಪುರಾವೆಯೂ ಗಟ್ಟಿಯಿದೆ: ನಾಲ್ಕು ಗಂಟೆಗಿಂತ ದೀರ್ಘ ಪ್ರಯಾಣದಲ್ಲಿ ಸಾಕ್ಸ್ ಹಾಕಿದವರಲ್ಲಿ ಲಕ್ಷಣವಿಲ್ಲದ ರಕ್ತದ ಹೆಪ್ಪು ಗಣನೀಯವಾಗಿ ಕಡಿಮೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಪರಾಮರ್ಶೆ ಹೇಳಿದೆ. ಒತ್ತಿದರೆ ಗುಳಿ ಬೀಳುವ ದಿನನಿತ್ಯದ ಊತ, ಎದ್ದು ಕಾಣುವ ವೆರಿಕೋಸ್ ನಾಳ, ಚರ್ಮದ ಬಣ್ಣ ಬದಲಾಗಿರುವುದು ಇದ್ದರೆ 20–30. ಇಲ್ಲಿಂದ ಮೇಲಿನದ್ದನ್ನು ವೈದ್ಯರನ್ನು ಕೇಳದೆ ಹಾಕಬಾರದು. 30–40 ಬೇಕಾಗುವುದು ಹುಣ್ಣಾಗಿ ಮಾಯ್ದ ಕಾಲಿಗೆ, ಗಡುಸಾದ ಚರ್ಮಕ್ಕೆ, ದುಗ್ಧನಾಳದ ಊತಕ್ಕೆ (ಲಿಂಫೆಡೀಮಾ).

ಹೆಚ್ಚು ಒತ್ತಡ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ, ಅದು ಸರಿಯಲ್ಲ. ಮಂಚದ ಕೆಳಗೆ ಬಿದ್ದಿರುವ 30–40ಕ್ಕಿಂತ ದಿನವೂ ಕಾಲಿನಲ್ಲಿರುವ 15–20 ಹೆಚ್ಚು ಕೆಲಸ ಮಾಡುತ್ತದೆ. ಕೈಬೆರಳುಗಳಲ್ಲಿ ಬಲವಿಲ್ಲದವರಿಗೆ ಒಂದು ಒಳದಾರಿ ಇದೆ: ಹಗುರ ಒತ್ತಡದ ಎರಡನ್ನು ಒಂದರ ಮೇಲೊಂದು ಹಾಕುವುದು. ಒತ್ತಡಗಳು ಹೆಚ್ಚುಕಡಿಮೆ ಕೂಡಿಕೊಳ್ಳುತ್ತವೆ, ಒಂದೊಂದನ್ನೂ ಎಳೆಯುವ ಶ್ರಮ ಅರ್ಧ. ಕಾಲಿನ ಹುಣ್ಣಿಗೆ ಬಳಸುವ ಎರಡು ಪದರದ ಕಿಟ್ ಇದೇ ತತ್ವದ್ದು. ಒಟ್ಟು 40 ಎಂಎಂಎಚ್‌ಜಿ ಕೊಡುವ ಇಂಥ ಜೋಡಿ ಹುಣ್ಣು ಮಾಯಿಸುವುದರಲ್ಲಿ ನಾಲ್ಕು ಪದರದ ಬ್ಯಾಂಡೇಜಿಗೆ ಸಮವಾಗಿದೆ ಎಂದು 2014ರಲ್ಲಿ ಪ್ರಕಟವಾದ ವೀನಸ್–4 ಅಧ್ಯಯನ ತೋರಿಸಿತು.

ಅಳತೆ: ಅರ್ಧ ಸೆಂಟಿಮೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ, ಕಾಲು ಊದುವ ಮೊದಲೇ ಅಳತೆ ತೆಗೆಯಬೇಕು. ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೆ ಊರಿ, ಮಂಡಿ ಲಂಬಕೋನದಲ್ಲಿರಲಿ. ದರ್ಜಿಯ ಬಟ್ಟೆ ಟೇಪು ಬೇಕು, ಕಬ್ಬಿಣದ್ದಲ್ಲ. ಟೇಪು ಚರ್ಮವನ್ನು ಮುಟ್ಟುತ್ತಿರಬೇಕು, ಒತ್ತಬಾರದು.

ಮೊದಲ ಅಳತೆ ಹರಡಿನದ್ದು. ಉಬ್ಬಿದ ಮೂಳೆಯ ಮೇಲಲ್ಲ, ಅದರ ತುಸು ಮೇಲೆ ಕಾಲು ಅತಿ ಸಣ್ಣಗಿರುವ ಜಾಗದಲ್ಲಿ. ಟೇಪನ್ನು ಮೇಲೆ ಕೆಳಗೆ ಸರಿಸಿ ಅತಿ ಕಡಿಮೆ ಅಂಕಿ ಬರುವ ಕಡೆ ಹಿಡಿಯಿರಿ. ಎರಡನೆಯದು ಮೀನಖಂಡದ ಅತಿ ದಪ್ಪ ಜಾಗ. ಇಲ್ಲಿ ಅತಿ ಹೆಚ್ಚು ಅಂಕಿ ಬೇಕು. ಮೂರನೆಯದು ಉದ್ದ: ಹಿಮ್ಮಡಿಯ ಹಿಂದೆ ನೆಲದಿಂದ ಮಂಡಿ ಹಿಂಬದಿಯ ಮಡಿಕೆಯವರೆಗೆ. ತೊಡೆಯವರೆಗಿನ ಸಾಕ್ಸಾದರೆ ತೊಡೆಯ ಮೇಲ್ಭಾಗದ ಸುತ್ತಳತೆ ಮತ್ತು ಅಲ್ಲಿಯವರೆಗಿನ ಉದ್ದವೂ ಬೇಕು. ಎರಡೂ ಕಾಲಿಗೆ ಬೇರೆ ಬೇರೆ ಅಳೆದು ಬರೆದಿಡಬೇಕು, ಎಡ ಬಲ ಒಂದೇ ಇರುತ್ತದೆ ಎಂದು ಊಹಿಸಬಾರದು.

ಈಗ ಸೈಜ್ ಪಟ್ಟಿ. ಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ಹರಡಿನ ಅಳತೆ. ಹರಡಿನಲ್ಲಿ ಒಂದು ಸೈಜ್, ಮೀನಖಂಡದಲ್ಲಿ ಇನ್ನೊಂದು ಸೈಜ್ ಬರುವುದು ತೀರಾ ಸಾಮಾನ್ಯ, ಮತ್ತು ಬಹಳ ಜನ ಎಡವುವುದು ಇಲ್ಲೇ. ಹರಡು 23 ಸೆಂ.ಮೀ., ಮೀನಖಂಡ 42 ಸೆಂ.ಮೀ. ಇರುವ ಕಾಲನ್ನು ಊಹಿಸಿಕೊಳ್ಳಿ. ಹರಡಿನ ಪ್ರಕಾರ ಮೀಡಿಯಂ, ಆದರೆ ಆ ಮೀಡಿಯಂ ಮೀನಖಂಡಕ್ಕೆ ಕಿರಿದು. ಹೇಗಿದ್ದರೂ ದಪ್ಪ ಕಾಲು ಎಂದು ಲಾರ್ಜ್ ಕೊಂಡರೆ ಹರಡಿನಲ್ಲಿ ಸಡಿಲವಾಗಿ, ಒತ್ತಡ ಎಲ್ಲಿ ಹೆಚ್ಚು ಬೇಕಿತ್ತೋ ಅಲ್ಲೇ ಇಲ್ಲವಾಗುತ್ತದೆ. ಮೀಡಿಯಂ ಅನ್ನೇ ಹಾಕಿದರೆ ಮೇಲ್ಭಾಗ ಬಿಗಿದು ಒತ್ತಡದ ಏರಿಳಿತ ತಲೆಕೆಳಗಾಗುತ್ತದೆ: ಮೇಲೆ ಹೆಚ್ಚು, ಕೆಳಗೆ ಕಡಿಮೆ. ರಕ್ತ ಮೇಲೇರುವ ದಾರಿಯಲ್ಲೇ ಕಟ್ಟು ಬಿದ್ದ ಹಾಗೆ. ಇಂಥ ಕಾಲಿಗೆ ಅದೇ ಸೈಜಿನ ವೈಡ್ ಕಾಫ್, ಅಂದರೆ ಮೀನಖಂಡ ಅಗಲ ಇರುವ ಮಾದರಿ ಬೇಕು. ಅದೂ ಒಗ್ಗದಿದ್ದರೆ ಅಳತೆ ಕೊಟ್ಟು ಹೆಣೆಸುವುದೇ ದಾರಿ. ಸೈಜ್ ಪಟ್ಟಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಒಂದರಲ್ಲಿ ಮೀಡಿಯಂ ಆದವರು ಇನ್ನೊಂದರಲ್ಲಿ ಸ್ಮಾಲ್ ಆಗಬಹುದು.

ತೀರಾ ಸಣಕಲು ಕಾಲಿನವರು ಇನ್ನೊಂದು ವಿಷಯ ತಿಳಿದಿರಬೇಕು. ಬಟ್ಟೆಯ ಎಳೆತ ಅಷ್ಟೇ ಇದ್ದರೂ ಸುತ್ತು ಸಣ್ಣದಾದಂತೆ ಒತ್ತಡ ಹೆಚ್ಚುತ್ತದೆ. ಕಣಕಾಲಿನ ಮುಂದಿನ ಮೂಳೆ, ಹರಡಿನ ಮುಂಭಾಗದಲ್ಲಿ ಎದ್ದು ನಿಲ್ಲುವ ಸ್ನಾಯುರಜ್ಜು — ಇಂಥ ಚೂಪು ಜಾಗಗಳಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ಒತ್ತಡ ಬೀಳುತ್ತದೆ. ವಯಸ್ಸಾದವರ ತೆಳು ಚರ್ಮ ಸುಲಿಯುವುದು ಇಲ್ಲೇ.

ಕಾಲು ಈಗಾಗಲೇ ವಿಪರೀತ ಊದಿದ್ದರೆ ಸಾಕ್ಸ್ ಕೊಳ್ಳುವ ಹೊತ್ತು ಇನ್ನೂ ಬಂದಿಲ್ಲ. ಮೊದಲು ಬ್ಯಾಂಡೇಜ್ ಅಥವಾ ವೆಲ್‌ಕ್ರೋ ಸುತ್ತುಪಟ್ಟಿಯಿಂದ ಊತ ಇಳಿಸಿ, ಅಳತೆ ಒಂದೇ ಮಟ್ಟದಲ್ಲಿ ನಿಂತ ಮೇಲೆ ಸಾಕ್ಸಿಗೆ ಅಳೆಯಬೇಕು. ಇಳಿದ ಊತ ಮತ್ತೆ ಏರದಂತೆ ಹಿಡಿದಿಡುವುದಷ್ಟೇ ಸಾಕ್ಸಿನ ಕೆಲಸ.

ಮಂಡಿವರೆಗೋ ತೊಡೆವರೆಗೋ, ಬೆರಳು ಮುಚ್ಚಿದ್ದೋ ತೆರೆದದ್ದೋ

ಮಂಡಿವರೆಗಿನದ್ದೇ ಹೆಚ್ಚಿನವರಿಗೆ ಸಾಕು. ಊತ ಮಂಡಿ ಮೇಲೂ ಇದ್ದರೆ, ಅಥವಾ ನಾಳದ ಚಿಕಿತ್ಸೆಯ ನಂತರ ವೈದ್ಯರು ಹೇಳಿದ್ದರೆ ಮಾತ್ರ ತೊಡೆಯದ್ದು. ತೊಡೆಯ ಸಾಕ್ಸ್ ಜಾರದಂತೆ ಹಿಡಿಯುವ ಸಿಲಿಕೋನ್ ಪಟ್ಟಿ ಬೆವರಿನಲ್ಲಿ ಕೆಲವರಿಗೆ ತುರಿಕೆ ತರುತ್ತದೆ, ಮಂಡಿ ಹಿಂದೆ ಬಟ್ಟೆ ಸುಕ್ಕುಗಟ್ಟುತ್ತದೆ. ಹೆಬ್ಬೆರಳು ವಾಲಿದವರು, ಬೆರಳು ಮಡಚಿಕೊಂಡವರು, ಉಗುರಿಗೆ ಸೋಂಕಿರುವವರು ತೆರೆದ ಬೆರಳಿನದ್ದನ್ನು ಆರಿಸಬಹುದು. ಹಾಕುವುದು ಅದೇ ಸುಲಭ. ಬೆರಳುಗಳೇ ಊದುವವರಿಗೆ ಮಾತ್ರ ಅದು ಆಗದು. ಊತವೆಲ್ಲ ಬೆರಳಿಗೆ ಇಳಿಯುತ್ತದೆ.

ಹೆಣಿಗೆ ಮತ್ತು ಬ್ರ್ಯಾಂಡ್

ಹೆಣಿಗೆ ಎರಡು ಬಗೆ. ಸುತ್ತು ಹೆಣಿಗೆಯದ್ದು ಕೊಳವೆಯಂತೆ ಹೊಲಿಗೆಯಿಲ್ಲದೆ ಬರುತ್ತದೆ, ತೆಳ್ಳಗೆ, ಚೆನ್ನಾಗಿ ಹಿಗ್ಗುತ್ತದೆ. ವೆರಿಕೋಸ್ ನಾಳ, ಸಂಜೆಯ ಊತ, ಸಾಧಾರಣ ಆಕಾರದ ಕಾಲು ಎಂದರೆ ಇದೇ. ಚಪ್ಪಟೆ ಹೆಣಿಗೆಯದ್ದನ್ನು ಹಾಳೆಯಂತೆ ಹೆಣೆದು ಹಿಂದೆ ಹೊಲಿಯುತ್ತಾರೆ. ಸಾಲಿನಿಂದ ಸಾಲಿಗೆ ಹೊಲಿಗೆ ಹೆಚ್ಚಿಸಿ ಕಡಿಮೆ ಮಾಡಿ ಯಾವ ಆಕಾರಕ್ಕೆ ಬೇಕಾದರೂ ಹೊಂದಿಸಬಹುದು. ಬಟ್ಟೆ ಗಡುಸು, ಮಡಿಕೆಯೊಳಗೆ ನುಗ್ಗಿ ಕೊರೆಯುವುದಿಲ್ಲ. ದುಗ್ಧನಾಳದ ಊತಕ್ಕೆ ಇದು ಬೇಕು. ಎರಡನೇ ಕಾಲ್ಬೆರಳ ಬುಡದ ಚರ್ಮವನ್ನು ಚಿವುಟಿ ಮೇಲೆತ್ತಲು ಆಗದಿದ್ದರೆ ದುಗ್ಧನಾಳದ ಊತ ಇರಬಹುದು. ಅಂಥವರು ಸುತ್ತು ಹೆಣಿಗೆಯದ್ದರ ಮೇಲೆ ದುಡ್ಡು ಹಾಕುವ ಮೊದಲು ತೋರಿಸಿಕೊಳ್ಳಲಿ.

ಸುತ್ತು ಹೆಣಿಗೆಯಲ್ಲೇ ಮೆತ್ತನೆಯದ್ದೂ ಬಿಗುವಿನದ್ದೂ ಇವೆ. ಜ್ಯೂಜೋ ಕಂಪನಿಯ ಸಾಫ್ಟ್ ಮತ್ತು ಡೈನಾಮಿಕ್ ಈ ವ್ಯತ್ಯಾಸಕ್ಕೆ ಒಳ್ಳೆಯ ಉದಾಹರಣೆ: ಒತ್ತಡದ ಅಂಕಿ ಒಂದೇ ಇದ್ದರೂ ಸಾಫ್ಟ್ ಚರ್ಮಕ್ಕೆ ಹಿತ, ಏರಿಸುವುದೂ ಸಲೀಸು, ಡೈನಾಮಿಕ್ ದಪ್ಪ ಮತ್ತು ಗಟ್ಟಿ, ಗುಳಿ ಬೀಳುವ ಊತವನ್ನು ಹಿಡಿದಿಡುವುದರಲ್ಲಿ ಮೇಲು. ಮೇಡಿ ಕಂಪನಿಯ ಮೇಡಿವೆನ್ ಎಲೆಗನ್ಸ್ ಮತ್ತು ಪ್ಲಸ್ ನಡುವೆಯೂ ಇದೇ ಬಗೆಯ ಅಂತರ. ಎಲೆಗನ್ಸ್ ತೆಳು, ಕಣ್ಣಿಗೆ ಚೆಂದ, ಪ್ಲಸ್ ಒರಟು ಬಳಕೆಗೆ. ಜಾಬ್‌ಸ್ಟ್‌ನ ಎಲ್ವಾರೆಕ್ಸ್ ಚಪ್ಪಟೆ ಹೆಣಿಗೆಯದ್ದು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಯೇ ಸರಿಯಲ್ಲ. ನಿಮ್ಮ ಮೂರು ಅಳತೆಗೆ ಯಾವುದರ ಪಟ್ಟಿ ಹೊಂದುತ್ತದೋ ಅದು. ಪಾರದರ್ಶಕ ತೆಳು ಮಾದರಿಗಳ ಬಗ್ಗೆ ಒಂದು ಮಾತು: ಊತ ನಿಜವಾಗಿ ಇರುವ ಕಾಲಿಗೆ ಅವು ತಕ್ಕವಲ್ಲ. ಉಗುರು ತಾಗಿದರೆ ಎಳೆ ಹೋಗುತ್ತದೆ, ಏರಿಸುವುದೂ ದಪ್ಪನೆಯದ್ದಕ್ಕಿಂತ ಕಷ್ಟ.

ಹತ್ತಿಯ ಸಾಕ್ಸ್ ಎಂದು ಮಾರುವುದರಲ್ಲೂ ಒತ್ತಡ ಕೊಡುವುದು ಎಲಾಸ್ಟೇನ್ ಮತ್ತು ನೈಲಾನ್. ಹತ್ತಿ ಚರ್ಮಕ್ಕೆ ತಾಗುವ ಕಡೆ ಹಿತ, ಆದರೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಸೆಕೆಯಲ್ಲಿ ತೆಳು ಮೈಕ್ರೋಫೈಬರ್ ಬೇಗ ಒಣಗುತ್ತದೆ. ಲ್ಯಾಟೆಕ್ಸ್ ಅಲರ್ಜಿ ಇರುವವರು ನೈಸರ್ಗಿಕ ರಬ್ಬರ್ ಇಲ್ಲವೆಂದು ಡಬ್ಬಿಯ ಮೇಲೆ ನೋಡಿಕೊಳ್ಳಬೇಕು.

ಬಗ್ಗಲು ಆಗದವರಿಗೆ, ಕೀಲುವಾತದವರಿಗೆ, ದಿನದಿಂದ ದಿನಕ್ಕೆ ಊತ ಏರಿಳಿಯುವವರಿಗೆ ಸಾಕ್ಸಿಗಿಂತ ವೆಲ್‌ಕ್ರೋ ಸುತ್ತುಪಟ್ಟಿ ಒಳ್ಳೆಯದು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಪಟ್ಟಿ ಎಳೆದು ಅಂಟಿಸಿದರೆ ಮುಗಿಯಿತು. ಮಧ್ಯಾಹ್ನ ಸಡಿಲವಾದರೆ ಮತ್ತೆ ಬಿಗಿಸಬಹುದು. ಸರ್ಕೇಡ್ ಜಕ್ಸ್ಟಾಫಿಟ್ ಎಂಬ ಸುತ್ತುಪಟ್ಟಿಯ ಜೊತೆ ಒಂದು ಕಾರ್ಡ್ ಬರುತ್ತದೆ, ಪಟ್ಟಿಯ ಮೇಲಿನ ಗೆರೆಗಳ ಅಂತರವನ್ನು ಅದರಿಂದ ಅಳೆದರೆ ಎಷ್ಟು ಒತ್ತಡ ಬಿದ್ದಿದೆ ಎಂದು ತಿಳಿಯುತ್ತದೆ. ಸುತ್ತುಪಟ್ಟಿ ದಪ್ಪಗಿರುತ್ತದೆ, ಶೂ ಮತ್ತು ಪ್ಯಾಂಟಿನೊಳಗೆ ಕಷ್ಟ. ಈ ಕೊರತೆಯನ್ನು ಒಪ್ಪಿಕೊಂಡೇ ಕೊಳ್ಳಬೇಕು.

ದುಡ್ಡು ಹಾಕಬಾರದವು

ಫ್ರೀ ಸೈಜ್ ಕಂಪ್ರೆಷನ್ ಸಾಕ್ಸ್: ಅಳತೆಯೇ ಇಲ್ಲದ ಮೇಲೆ ಒತ್ತಡದ ಅಂಕಿ ಬರೀ ಮುದ್ರಣ. ತಾಮ್ರದ ಎಳೆ ಇರುವಂಥವು: ಊತ ಇಳಿಸುವುದು ಒತ್ತಡವೇ ಹೊರತು ತಾಮ್ರವಲ್ಲ. ಜಿಪ್ ಸಾಕ್ಸ್ ಆಸೆ ಹುಟ್ಟಿಸುತ್ತದೆ, ಆದರೆ ಜಿಪ್ ಇರುವ ಗೆರೆ ಹಿಗ್ಗುವುದಿಲ್ಲ, ಅದರ ಎರಡೂ ಬದಿ ಒತ್ತಡ ಏರುಪೇರಾಗುತ್ತದೆ. ಊದಿದ ಕಾಲಿನ ಚರ್ಮ ಹಲ್ಲಿಗೆ ಸಿಕ್ಕಿಕೊಂಡರೆ ಗಾಯ, ಆ ಗಾಯ ಬೇಗ ಮಾಯುವುದೂ ಇಲ್ಲ.

ಡಯಾಬಿಟಿಕ್ ಸಾಕ್ಸ್ ಕೆಟ್ಟದ್ದಲ್ಲ, ಆದರೆ ಅದರ ಉದ್ದೇಶವೇ ಬೇರೆ. ಎಲ್ಲೂ ಬಿಗಿಯಬಾರದು ಎಂದು ಮಾಡಿದ್ದು ಅದು, ಊತಕ್ಕೆ ಕೊಂಡರೆ ಏನೂ ಆಗದು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಹಾಕುವ ಬಿಳಿ ಸಾಕ್ಸನ್ನು ಮನೆಗೆ ತಂದು ಬಳಸುವವರೂ ಇದ್ದಾರೆ. ಅದರ ಒತ್ತಡ ಹರಡಿನಲ್ಲಿ ಸುಮಾರು 18 ಎಂಎಂಎಚ್‌ಜಿ, ಮಲಗಿರುವವರ ಲೆಕ್ಕದಲ್ಲಿ ಮಾಡಿದ್ದು. ಓಡಾಡುವವರ ಕಾಲಿನಲ್ಲಿ ಅದು ನಿಲ್ಲುವುದಿಲ್ಲ. ಮಲಗಿರುವ ಎಲ್ಲರಿಗೂ ಒಳ್ಳೆಯದೆಂದೂ ಅಲ್ಲ: ಪಾರ್ಶ್ವವಾಯು ಆದವರಲ್ಲಿ ತೊಡೆಯವರೆಗಿನ ಇಂಥ ಸಾಕ್ಸ್ ರಕ್ತದ ಹೆಪ್ಪನ್ನು ತಡೆಯಲಿಲ್ಲ, ಬದಲಿಗೆ ಚರ್ಮದ ಗಾಯಗಳನ್ನು ಹೆಚ್ಚಿಸಿತು ಎಂದು 2009ರ ಕ್ಲಾಟ್ಸ್ ಅಧ್ಯಯನ ಕಂಡುಕೊಂಡಿತು.

ಏರಿಸುವ ಕ್ರಮ

ಹಾಸಿಗೆಯಿಂದ ಏಳುವ ಮೊದಲೇ ಹಾಕುವುದು ಉತ್ತಮ. ಬೆಳಿಗ್ಗೆ ಸ್ನಾನ ಮಾಡುವವರು ಸ್ನಾನದ ನಂತರ 15–20 ನಿಮಿಷ ಕಾಲು ಎತ್ತಿಟ್ಟು ಮಲಗಿ, ಚರ್ಮ ಪೂರ್ತಿ ಒಣಗಿದ ಮೇಲೆ ಹಾಕಲಿ. ಒದ್ದೆ ಚರ್ಮದ ಮೇಲೆ ಯಾವ ಸಾಕ್ಸೂ ಏರದು. ಕ್ರೀಮು, ಎಣ್ಣೆ ರಾತ್ರಿಗೆ ಇಟ್ಟುಕೊಳ್ಳಿ. ಉಂಗುರ ತೆಗೆದು, ಉಗುರು ನಯ ಮಾಡಿ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಈ ಗ್ಲೌಸ್ ಇಲ್ಲದೆ 20–30 ಮೇಲಿನದ್ದರ ಜೊತೆ ಗುದ್ದಾಡುವುದು ಸುಮ್ಮನೆ ಬೆರಳು ನೋಯಿಸಿಕೊಳ್ಳುವ ಕೆಲಸ.

ಸಾಕ್ಸಿನೊಳಗೆ ಕೈ ತೂರಿಸಿ ಹಿಮ್ಮಡಿಯ ಚೀಲವನ್ನು ಒಳಗಿನಿಂದ ಚಿಮುಟಿ ಹಿಡಿಯಿರಿ, ಹಿಡಿದುಕೊಂಡೇ ಮೇಲಿನ ಭಾಗವನ್ನು ಒಳಹೊರಗು ಮಾಡಿ. ಈಗ ಪಾದದ ಭಾಗ ಒಂದು ಸಣ್ಣ ಸಂಚಿಯಂತೆ ಉಳಿಯುತ್ತದೆ. ಎರಡು ಹೆಬ್ಬೆರಳಿನಿಂದ ಬಾಯಿ ಅಗಲಿಸಿ ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ತನ್ನ ಜಾಗದಲ್ಲಿ ಕೂರುವವರೆಗೆ ತಳ್ಳಿ. ಹಿಮ್ಮಡಿ ಓರೆಯಾಗಿದ್ದರೆ ಮೇಲಿನದ್ದೆಲ್ಲ ಓರೆ. ಆಮೇಲೆ ಹೊರಗೆ ಮಗುಚಿದ ಭಾಗವನ್ನು ಹರಡಿನ ಮೇಲೆ ತಂದು, ಸ್ವಲ್ಪ ಸ್ವಲ್ಪವೇ ಮೇಲೇರಿಸಿ. ಮೇಲಂಚು ಹಿಡಿದು ಜಗ್ಗಬಾರದು. ಜಗ್ಗಿದರೆ ಬಟ್ಟೆಯೆಲ್ಲ ಮೇಲೆ ಸೇರಿ ಮಂಡಿ ಕೆಳಗೆ ಬಿಗಿಯುತ್ತದೆ, ಹರಡಿನಲ್ಲಿ ತೆಳುವಾಗುತ್ತದೆ. ಏರಿದ ಮೇಲೆ ಗ್ಲೌಸ್ ಹಾಕಿದ ಅಂಗೈಯನ್ನು ಕಾಲಿಗೆ ಒತ್ತಿ ಮೇಲ್ಮುಖವಾಗಿ ಸವರಿದರೆ ಬಟ್ಟೆ ಸಮನಾಗಿ ಹರಡಿ ಸುಕ್ಕು ಹೋಗುತ್ತದೆ. ಹರಡಿನ ಮುಂದೆ ಒಂದೇ ಒಂದು ಸುಕ್ಕು ಉಳಿದರೂ ಸಂಜೆಗೆ ಅಲ್ಲಿ ಕೆಂಪು ಗೆರೆ.

ಮೇಲಂಚು ಮಂಡಿ ಹಿಂಬದಿಯ ಮಡಿಕೆಗಿಂತ ಎರಡು ಬೆರಳು ಕೆಳಗೆ ನಿಲ್ಲಬೇಕು. ಅದಕ್ಕಿಂತ ಮೇಲೆ ಬಂದರೆ ಮಡಚಬೇಡಿ, ಮಡಚಿದ ಕಡೆ ಒತ್ತಡ ಎರಡು ಪಟ್ಟು. ಬಟ್ಟೆಯನ್ನು ಕೆಳಕ್ಕೆ ಸವರಿ ಮೀನಖಂಡದಲ್ಲಿ ಹಂಚಿ. ಹಾಗೂ ಉಳಿದರೆ ಉದ್ದದ ಅಳತೆಯೇ ತಪ್ಪಿದೆ, ಗಿಡ್ಡ ಮಾದರಿ ತರಿಸಬೇಕು.

ತೆರೆದ ಬೆರಳಿನದ್ದಕ್ಕೆ ಜಾರುವ ನೈಲಾನ್ ಪಾದಚೀಲ ಒಂದು ಸಿಗುತ್ತದೆ. ಮೊದಲು ಅದನ್ನು ಪಾದಕ್ಕೆ ಹಾಕಿ, ಮೇಲೆ ಸಾಕ್ಸ್ ಏರಿಸಿ, ಕೊನೆಗೆ ಬೆರಳ ತೂತಿನಿಂದ ಎಳೆದು ತೆಗೆದರಾಯಿತು. ಬಗ್ಗಲಾರದವರಿಗೆ ಕಬ್ಬಿಣದ ಸ್ಟ್ಯಾಂಡ್ ಇದೆ: ಸಾಕ್ಸನ್ನು ಅದರ ಚೌಕಟ್ಟಿಗೆ ಹಿಗ್ಗಿಸಿಟ್ಟು ಕಾಲಿಳಿಸಿ, ಹಿಡಿ ಹಿಡಿದು ಮೇಲೆತ್ತುವುದು. 30–40 ಹಾಕುವವರ ಮನೆಯಲ್ಲಿ ಇದು ಇದ್ದರೆ ಸಾಕ್ಸ್ ಬಳಕೆಗೆ ಬರುತ್ತದೆ, ಇಲ್ಲದಿದ್ದರೆ ಸಾಮಾನ್ಯವಾಗಿ ಇಲ್ಲ.

ಮೊದಲ ವಾರದಲ್ಲಿ ನೋಡಬೇಕಾದ್ದು

ಮೊದಲ ದಿನ ಎರಡು ಮೂರು ಗಂಟೆ ಹಾಕಿ ತೆಗೆದು ಚರ್ಮ ನೋಡಿ. ಹೆಣಿಗೆಯ ತಿಳಿ ಅಚ್ಚು ಬಿದ್ದು ಸ್ವಲ್ಪ ಹೊತ್ತಿಗೆ ಮಾಯವಾದರೆ ಸರಿ. ಮಂಡಿ ಕೆಳಗೆ ಆಳದ ಕಾಲುವೆ ಬಿದ್ದಿದ್ದರೆ ಮೇಲ್ಭಾಗ ಕಿರಿದು. ಹರಡಿನ ಮುಂದೆ, ಹಿಮ್ಮಡಿಯಲ್ಲಿ ಕೆಂಪು ಕಲೆ ಉಳಿದರೆ ಒತ್ತಡ ಅಥವಾ ಸುಕ್ಕಿನ ತೊಂದರೆ. ಬೆರಳು ಬಿಳಚಿಕೊಂಡರೆ, ನೀಲಿಯಾದರೆ, ಜುಮ್ಮೆಂದರೆ, ಮಲಗಿದಾಗ ನೋವು ಹೆಚ್ಚಾದರೆ ಕೂಡಲೇ ತೆಗೆಯಬೇಕು. "ರೂಢಿಯಾಗುತ್ತೆ ಬಿಡಿ" ಎಂಬ ಸಮಾಧಾನ ಇಲ್ಲಿ ಸಲ್ಲದು. ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವ ಸಕ್ಕರೆ ಕಾಯಿಲೆಯವರಿಗೆ ಈ ಯಾವ ಸೂಚನೆಯೂ ಗೊತ್ತಾಗದು, ಅವರ ಕಾಲನ್ನು ದಿನವೂ ಇನ್ನೊಬ್ಬರು ನೋಡಬೇಕು. ರಾತ್ರಿ ಮಲಗುವಾಗ ಸಾಕ್ಸ್ ತೆಗೆದಿಡಿ. ವೈದ್ಯರು ಬೇರೆ ಹೇಳಿದ್ದರೆ ಮಾತು ಬೇರೆ.

ಏನನ್ನು ನಿರೀಕ್ಷಿಸಬಹುದು ಎಂಬುದರಲ್ಲೂ ಸ್ಪಷ್ಟತೆ ಬೇಕು. ಸೋತ ಕವಾಟ ಸರಿಹೋಗುವುದಿಲ್ಲ, ಉಬ್ಬಿದ ನಾಳ ಮಾಯವಾಗುವುದಿಲ್ಲ. ಹಾಕಿದಷ್ಟು ಹೊತ್ತು ಊತ ಮತ್ತು ಭಾರ ಕಡಿಮೆ. ರಕ್ತದ ಹೆಪ್ಪಾದ ಮೇಲೆ ಮುಂದಿನ ತೊಡಕು ತಡೆಯಲು ಎರಡು ವರ್ಷ ಹಾಕಿದರೂ, ನೋಡಲು ಹಾಗೇ ಇದ್ದು ಕೆಲಸಕ್ಕೆ ಬರುವಷ್ಟು ಒತ್ತಡ ಕೊಡದ ಸೋಗಿನ ಸಾಕ್ಸಿಗಿಂತ ಹೆಚ್ಚಿನ ಫಲ ಕಾಣಲಿಲ್ಲ ಎಂದು 2014ರಲ್ಲಿ ಸಾಕ್ಸ್ ಎಂಬ ಹೆಸರಿನದೇ ಒಂದು ಅಧ್ಯಯನ ವರದಿ ಮಾಡಿತು. ಆದರೆ ಬಹುಕಾಲದ ಊತವಿದ್ದು ಕಾಲಿನ ಚರ್ಮಕ್ಕೆ ಪದೇ ಪದೇ ಸೆಲ್ಯುಲೈಟಿಸ್ ಸೋಂಕು ಬರುತ್ತಿದ್ದವರಲ್ಲಿ ಚಿತ್ರ ಬೇರೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಕಂಪ್ರೆಷನ್ ಹಾಕಿದವರಲ್ಲಿ ಶೇ 15 ಮಂದಿಗೆ, ಹಾಕದವರಲ್ಲಿ ಶೇ 40 ಮಂದಿಗೆ ಸೋಂಕು ಮರುಕಳಿಸಿತು. ಅಂತರ ಎಷ್ಟು ದೊಡ್ಡದಿತ್ತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು.

ಒಗೆತ ಮತ್ತು ಆಯುಷ್ಯ

ದಿನವೂ ಒಗೆಯಬೇಕು. ಕೊಳೆ ಮಾತ್ರವಲ್ಲ, ಹಿಗ್ಗಿದ ಎಳೆಗಳು ಮೊದಲಿನ ಆಕಾರಕ್ಕೆ ಮರಳುವುದೂ ಒಗೆದಾಗಲೇ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು ಸಾಕು. ಬ್ಲೀಚ್ ಬೇಡ, ಬಟ್ಟೆ ಮೆದುವಾಗಿಸುವ ಕಂಡೀಷನರ್ ಅಂತೂ ಬೇಡವೇ ಬೇಡ, ಅದು ಎಲಾಸ್ಟೇನ್ ಎಳೆಯನ್ನು ಕೆಡಿಸುತ್ತದೆ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಹರಡಿ ಒಣಗಿಸಿ. ಬಿಸಿಲು, ಹೀಟರ್, ಇಸ್ತ್ರಿ ಮೂರೂ ಶತ್ರುಗಳೇ. ಒಂದು ಒಗೆತದಲ್ಲಿರುವಾಗ ಇನ್ನೊಂದು ಕಾಲಿನಲ್ಲಿರಲು ಎರಡು ಜೊತೆ ಬೇಕಾಗುತ್ತದೆ. ಆದರೆ ಮೊದಲು ಒಂದೇ ಜೊತೆ ಕೊಂಡು, ಅಳತೆ ಒಗ್ಗಿತೆಂದು ಖಾತ್ರಿಯಾದ ಮೇಲೆ ಎರಡನೆಯದಕ್ಕೆ ಹೋಗಿ. ಎಳೆ ಹೊರಬಂದರೆ ಎಳೆಯಲೂ ಬೇಡಿ, ಕತ್ತರಿಸಲೂ ಬೇಡಿ, ಒಳಬದಿಗೆ ತಳ್ಳಿ.

ದಿನವೂ ಬಳಸುವ ಸಾಕ್ಸಿನ ಒತ್ತಡ ಮೂರರಿಂದ ಆರು ತಿಂಗಳವರೆಗೆ ನಿಲ್ಲುತ್ತದೆ. ತೂತು ಬಿದ್ದಿಲ್ಲ, ಬಣ್ಣ ಹೋಗಿಲ್ಲ ಎಂದು ವರ್ಷಗಟ್ಟಲೆ ಎಳೆಯುವುದರಲ್ಲಿ ಅರ್ಥವಿಲ್ಲ. ಗ್ಲೌಸ್ ಇಲ್ಲದೆಯೇ ಸಲೀಸಾಗಿ ಏರತೊಡಗಿದರೆ, ಹರಡಿನ ಬಳಿ ಬಟ್ಟೆ ಸಡಿಲವಾಗಿ ಸುಕ್ಕು ನಿಂತರೆ, ಸಂಜೆಯ ಊತ ಮತ್ತೆ ಕಾಣಿಸಿಕೊಂಡರೆ ಅದರ ಕಾಲ ಮುಗಿದಿದೆ. ಹೊಸದನ್ನು ತರಿಸುವಾಗ ಹಳೆಯ ಡಬ್ಬಿಯ ಸೈಜನ್ನೇ ಹೇಳಬೇಡಿ. ಊತ ಇಳಿದ ಕಾಲಿನ ಹರಡು ಒಂದೆರಡು ಸೆಂಟಿಮೀಟರ್ ಸಣ್ಣಗಾಗಿರಬಹುದು, ಬೆಳಿಗ್ಗೆ ಎದ್ದು ಮತ್ತೊಮ್ಮೆ ಟೇಪು ಹಿಡಿಯಿರಿ.